ಕಟ್ಟಿ ಹಾಕಬೇಕಾದದ್ದು ನಾಯಿಯನ್ನೋ, ಮಕ್ಕಳನ್ನೋ?

ನಮ್ಮ ಓಣಿಯ ಕೊನೆಯ ಮನೆಯ ಗೇಟಿನಲ್ಲಿ ಒಂದು ಫಲಕವಿದೆ: ‘ನಾಯಿ ಇದೆ, ಎಚ್ಚರಿಕೆ’. ಬಣ್ಣ ಮಾಸಿದ ಆ ಫಲಕವನ್ನು ನಾವು ವರ್ಷಗಳಿಂದ ನೋಡುತ್ತಾ ಬಂದಿದ್ದೇವೆ. ಆ ಎಚ್ಚರಿಕೆ ಯಾರಿಗೆ ಎಂದು ಯೋಚಿಸಿದ್ದು ಮಾತ್ರ ಇತ್ತೀಚೆಗೆ. ಕಳ್ಳನಿಗೆ ಎನ್ನೋಣವೇ? ಕತ್ತಲಲ್ಲಿ ಬರುವ ಕಳ್ಳ ಫಲಕ ಓದುವುದಿಲ್ಲ. ಮನೆಗೆ ಬರುವ ನೆಂಟರಿಗೇ? ಅವರು ಬರುವ ಮೊದಲು ಫೋನು ಮಾಡುತ್ತಾರೆ, ಯಜಮಾನರು ನಾಯಿಯನ್ನು ಹಿತ್ತಲಲ್ಲಿ ಕಟ್ಟುತ್ತಾರೆ. ಹಾಗಾದರೆ ಉಳಿದವರು ಯಾರು? ಬೆಳಿಗ್ಗೆ ಹಾಲು ತರುವ ಹುಡುಗ, ಪೇಪರು ಹಾಕುವವನು, ಅಂಚೆಯವನು, ಕರೆಂಟಿನ ಬಿಲ್ಲು ಬರೆಯುವವನು, ಬೀಡಿ ಬ್ರಾಂಚಿಗೆ ಹೋಗುವ ಹೆಂಗಸರು, ಶಾಲೆಗೆ ಮತ್ತು ಮದ್ರಸಕ್ಕೆ ಹೋಗುವ ಮಕ್ಕಳು. ಫೋನು ಮಾಡಿ ಬರಲಾಗದವರು. ಆ ದಾರಿಯಲ್ಲಿ ಹೋಗದೆ ವಿಧಿಯಿಲ್ಲದವರು.

ಹತ್ತು ವರ್ಷದ ಹುಡುಗಿಯೊಬ್ಬಳು ಬೆಳಿಗ್ಗೆ ಆರೂವರೆಗೆ ಮದ್ರಸಕ್ಕೆ ಹೊರಟಿದ್ದಳು. ಗೇಟು ಅರ್ಧ ತೆರೆದಿತ್ತು. ನಾಯಿ ಹೊರಗೆ ಬಂತು. ಅವಳು ಓಡಿದಳು, ಚರಂಡಿಯ ಅಂಚಿನಲ್ಲಿ ಬಿದ್ದಳು. ಮೀನಖಂಡದಲ್ಲಿ ನಾಲ್ಕು ಹಲ್ಲು ಇಳಿದವು. ಕಿರುಚಾಟ ಕೇಳಿ ಓಡಿ ಬಂದ ಯಜಮಾನರು ನಾಯಿಯನ್ನು ಒಳಗೆಳೆದು ಆಡಿದ ಮೊದಲ ಮಾತು, ‘ಅವಳು ಓಡಿದ್ದಕ್ಕೆ ಅಟ್ಟಿಸಿಕೊಂಡು ಹೋದದ್ದು. ಸುಮ್ಮನೆ ನಿಂತಿದ್ದರೆ ನಮ್ಮ ನಾಯಿ ಏನೂ ಮಾಡುತ್ತಿರಲಿಲ್ಲ.’ ಎರಡನೆಯ ಮಾತು, ‘ಇಂಜೆಕ್ಷನ್ ಎಲ್ಲ ಹಾಕಿಸಿದ್ದೇವೆ, ಹೆದರುವಂಥದ್ದೇನಿಲ್ಲ.’ ಮೂರನೆಯ ಮಾತು ಇರಲೇ ಇಲ್ಲ.

ಸಂಜೆ ಹುಡುಗಿಯ ಮಾಮ ಕೈಯಲ್ಲಿ ದೊಣ್ಣೆ ಹಿಡಿದು ಆ ಗೇಟಿನ ಮುಂದೆ ನಿಂತ. ‘ನಾಯಿಯನ್ನು ಹೊರಗೆ ಬಿಡಿ, ಇವತ್ತೇ ಮುಗಿಸುತ್ತೇನೆ’ ಎಂದ. ಹಿರಿಯರು ಸೇರಿ ಅವನನ್ನು ಎಳೆದು ತಂದರು. ಆದರೆ ಅಷ್ಟರಲ್ಲಿ ಯಜಮಾನರು ಠಾಣೆಗೆ ಫೋನು ಮಾಡಿ ಆಗಿತ್ತು. ಪೊಲೀಸರು ಬಂದು ವಿಚಾರಿಸಿದ್ದು ದೊಣ್ಣೆಯ ಕುರಿತು, ಕಚ್ಚಿದ್ದರ ಕುರಿತಲ್ಲ. ಬೆಳಿಗ್ಗೆ ಸಂತ್ರಸ್ತರಾಗಿದ್ದವರು ಸಂಜೆಗೆ ಆರೋಪಿಗಳಾದರು. ಮರುದಿನ ಅಂಗಡಿ ಜಗಲಿಯಲ್ಲಿ ಇನ್ನೊಂದು ಮಾತು ಹುಟ್ಟಿಕೊಂಡಿತು: ‘ಅವರಿಗೆ ಹೇಗೂ ನಾಯಿ ಕಂಡರೆ ಆಗುವುದಿಲ್ಲವಲ್ಲ!’

ನೋಡಿ, ಒಂದು ಮಗುವಿನ ಕಾಲಿನ ಗಾಯ ಎಷ್ಟು ಬೇಗ ಎರಡು ಸಮುದಾಯಗಳ ಗಾಯವಾಗಿಬಿಡುತ್ತದೆ! ಅದೇ ನಾಯಿ ಅದಕ್ಕೂ ಆರು ತಿಂಗಳ ಮೊದಲು ಹಾಲಿನ ಹುಡುಗನನ್ನು ಕಚ್ಚಿತ್ತು. ಅವನು ಯಜಮಾನರ ಧರ್ಮದವನೇ. ಅವನಿಗೆ ಇನ್ನೂರು ರೂಪಾಯಿ ಕೊಟ್ಟು ಸುಮ್ಮನಾಗಿಸಲಾಗಿತ್ತು. ನಾಯಿಗೆ ಜಾತಿ ಧರ್ಮಗಳ ಭೇದವಿಲ್ಲ. ಹಾಗೆಯೇ ನಾಯಿಯನ್ನು ಬಿಟ್ಟು ಮೆರೆಯುವವರಲ್ಲೂ ಆ ಭೇದವಿಲ್ಲ. ಗಲ್ಫಿನ ದುಡಿಮೆಯಿಂದ ಎತ್ತರದ ಕಾಂಪೌಂಡು ಕಟ್ಟಿಸಿ, ಅದರೊಳಗೆ ದೊಡ್ಡ ತಳಿಯ ನಾಯಿಯೊಂದನ್ನು ತಂದಿಟ್ಟು, ‘ಈಗ ಯಾರೂ ಈ ಕಡೆ ಸುಳಿಯುವುದಿಲ್ಲ’ ಎಂದು ಎದೆಯುಬ್ಬಿಸುವ ನಮ್ಮವರನ್ನೂ ನಾವು ಬಲ್ಲೆವು. ಆ ಗೇಟಿನ ಮುಂದೆ ಮಕ್ಕಳನ್ನು ಕೈಹಿಡಿದು ದಾಟಿಸುವ ತಾಯಂದಿರಲ್ಲಿ ಎಲ್ಲ ಧರ್ಮದವರೂ ಇದ್ದಾರೆ. ಆದ್ದರಿಂದ ಇದು ನಾಯಿಯನ್ನು ಪ್ರೀತಿಸುವವರ ಮತ್ತು ದ್ವೇಷಿಸುವವರ ನಡುವಿನ ಜಗಳವಲ್ಲ. ಹಿಂದೂ-ಮುಸ್ಲಿಮ್ ಜಗಳವಂತೂ ಅಲ್ಲವೇ ಅಲ್ಲ. ಇದು ಗೇಟಿನ ಒಳಗಿರುವವರ ಹೊಣೆ ಮತ್ತು ಹೊರಗಿರುವವರ ಹಕ್ಕಿನ ಪ್ರಶ್ನೆ.

ಬೀದಿನಾಯಿಯ ಗದ್ದಲದಲ್ಲಿ ಮರೆತ ನಾಯಿ

2025ರ ಆಗಸ್ಟ್‌ನಲ್ಲಿ ಇಡೀ ದೇಶ ನಾಯಿಯ ಕುರಿತು ಮಾತಾಡಿತು. ಆಗಸ್ಟ್ 11ರಂದು ಸುಪ್ರೀಮ್ ಕೋರ್ಟಿನ ದ್ವಿಸದಸ್ಯ ಪೀಠವು ದಿಲ್ಲಿ ಮತ್ತು ಸುತ್ತಲಿನ ಬೀದಿನಾಯಿಗಳನ್ನು ಹಿಡಿದು ಆಶ್ರಯ ಕೇಂದ್ರಗಳಿಗೆ ಸಾಗಿಸಲು ಆದೇಶಿಸಿತು. ಆಗಸ್ಟ್ 22ರಂದು ತ್ರಿಸದಸ್ಯ ಪೀಠ ಅದನ್ನು ಬದಲಿಸಿ, ಸಂತಾನಹರಣ ಮತ್ತು ಲಸಿಕೆಯ ಬಳಿಕ ನಾಯಿಗಳನ್ನು ಹಿಡಿದಲ್ಲೇ ಬಿಡಬೇಕು, ರೇಬೀಸ್ ಇರುವ ಮತ್ತು ಆಕ್ರಮಣಕಾರಿ ನಾಯಿಗಳನ್ನು ಮಾತ್ರ ಬಿಡಬಾರದು ಎಂದಿತು. ಪರ-ವಿರೋಧದ ಮೆರವಣಿಗೆಗಳು ನಡೆದವು, ಟಿವಿಗಳಲ್ಲಿ ಕೂಗಾಟವಾಯಿತು.

ಈ ಗದ್ದಲದಲ್ಲಿ ನಾವು ಒಂದನ್ನು ಮರೆತೆವು. ಬೀದಿನಾಯಿಗೆ ಒಡೆಯನಿಲ್ಲ. ಅದು ಕಚ್ಚಿದರೆ ಯಾರನ್ನು ಕೇಳುವುದು ಎಂಬ ಗೊಂದಲವಿದೆ. ಆದರೆ ಕೊರಳಪಟ್ಟಿ ಇರುವ, ಹೆಸರಿರುವ, ಮನೆಯಿರುವ, ಒಡೆಯನಿರುವ ನಾಯಿ ಕಚ್ಚಿದಾಗಲೂ ನಾವು ‘ಯಾರನ್ನು ಕೇಳುವುದು?’ ಎಂದು ಕೈಚೆಲ್ಲಿ ಕೂರುವುದೇಕೆ?

2022ರ ಜುಲೈಯಲ್ಲಿ ಲಕ್ನೋದಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು ತಮ್ಮ ಮನೆಯ ಪಿಟ್‌ಬುಲ್ ನಾಯಿಯ ದಾಳಿಗೇ ಬಲಿಯಾದರು. ಅವರ ವಯಸ್ಸು ಎಂಬತ್ತು ದಾಟಿತ್ತು. 2023ರ ಜನವರಿಯಲ್ಲಿ ಹೈದರಾಬಾದ್‌ನ ಬಂಜಾರಾ ಹಿಲ್ಸ್‌ನಲ್ಲಿ ಊಟದ ಪೊಟ್ಟಣ ತಲುಪಿಸಲು ಹೋದ 23ರ ಯುವಕನೊಬ್ಬ, ಬಾಗಿಲು ತೆರೆದೊಡನೆ ಮೈಮೇಲೆರಗಿದ ನಾಯಿಯಿಂದ ತಪ್ಪಿಸಿಕೊಳ್ಳಲು ಹೋಗಿ ಮೂರನೆಯ ಮಹಡಿಯಿಂದ ಬಿದ್ದ. ಆಸ್ಪತ್ರೆಯಲ್ಲಿ ತೀರಿಕೊಂಡ. 2024ರ ಮೇಯಲ್ಲಿ ಚೆನ್ನೈಯ ನುಂಗಂಬಾಕ್ಕಂನ ಪಾರ್ಕಿನಲ್ಲಿ ಎರಡು ರಾಟ್‌ವೀಲರ್ ನಾಯಿಗಳು ಐದು ವರ್ಷದ ಹುಡುಗಿಯ ಮೇಲೆರಗಿದವು. ಅವಳು ಆ ಪಾರ್ಕಿನ ಕಾವಲುಗಾರನ ಮಗಳು. ನೆತ್ತಿ ಹರಿದುಹೋದ ಆ ಮಗು ಶಸ್ತ್ರಚಿಕಿತ್ಸೆಗೆ ಒಳಗಾಗಬೇಕಾಯಿತು.

ಕೊನೆಯ ಎರಡು ಪ್ರಕರಣಗಳನ್ನು ಮತ್ತೊಮ್ಮೆ ಗಮನಿಸಿ. ಊಟ ತಲುಪಿಸುವ ಹುಡುಗ. ಕಾವಲುಗಾರನ ಮಗಳು. ನಾಯಿ ಸಾಕುವ ಸುಖ ಒಬ್ಬರದು, ಅದರ ಅಪಾಯ ಇನ್ನೊಬ್ಬರದು. ಆ ಇನ್ನೊಬ್ಬರು ಬಹುಪಾಲು ದುಡಿದು ಉಣ್ಣುವವರೇ ಆಗಿರುತ್ತಾರೆ. ಕಾರಿನಲ್ಲಿ ಗೇಟು ದಾಟುವವನನ್ನು ನಾಯಿ ಕಚ್ಚುವುದಿಲ್ಲ.

ಆಳುವವರು ಇದಕ್ಕೆ ಕಂಡುಕೊಂಡ ಪರಿಹಾರವೇನು? 2024ರ ಮಾರ್ಚ್ 12ರಂದು ಕೇಂದ್ರ ಸರಕಾರ 23 ತಳಿಗಳನ್ನು ಕ್ರೂರವೆಂದು ಪಟ್ಟಿ ಮಾಡಿ, ಅವುಗಳ ಮಾರಾಟ ಮತ್ತು ಸಾಕಣೆಗೆ ಪರವಾನಗಿ ಕೊಡಬಾರದೆಂದು ರಾಜ್ಯಗಳಿಗೆ ಪತ್ರ ಬರೆಯಿತು. ಒಂದೇ ತಿಂಗಳಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದುಪಡಿಸಿತು. ಸಂಬಂಧಪಟ್ಟವರ ಅಹವಾಲನ್ನೇ ಕೇಳಿಲ್ಲ ಎಂಬುದು ಅದಕ್ಕೊಂದು ಕಾರಣ. ನಮ್ಮ ಅಭಿಪ್ರಾಯದಲ್ಲಿ ಆ ಪಟ್ಟಿ ಉಳಿದಿದ್ದರೂ ನಮ್ಮ ಓಣಿಯ ಹುಡುಗಿಗೆ ಪ್ರಯೋಜನವಿರಲಿಲ್ಲ. ಅವಳನ್ನು ಕಚ್ಚಿದ್ದು ಯಾವ ಪಟ್ಟಿಯಲ್ಲೂ ಇಲ್ಲದ ಸಾಮಾನ್ಯ ನಾಟಿ ನಾಯಿ. ಪಟ್ಟಿ ಮಾಡಬೇಕಾದದ್ದು ತಳಿಗಳನ್ನಲ್ಲ, ಗೇಟು ಹಾಕಲು ಮರೆಯುವ ಒಡೆಯರನ್ನು.

ನಾಲ್ಕು ಸಾವಿರ ವರ್ಷಗಳ ಹಳೆಯ ಪ್ರಶ್ನೆ

‘ನಾಯಿ ಮೂಕ ಪ್ರಾಣಿ, ಅದು ಮಾಡಿದ್ದಕ್ಕೆ ನನ್ನನ್ನು ಹೊಣೆ ಮಾಡಿದರೆ ಹೇಗೆ?’ ಎಂದು ಯಜಮಾನರು ಕೇಳುತ್ತಾರೆ. ಪ್ರಶ್ನೆ ಹೊಸದಲ್ಲ. ಉತ್ತರವೂ ಹೊಸದಲ್ಲ. ಇಂದಿನ ಇರಾಕ್‌ನಲ್ಲಿದ್ದ ಎಶ್ನುನ್ನಾ ಎಂಬ ನಗರ ರಾಜ್ಯದ ಕಾನೂನುಗಳು ಜೇಡಿಮಣ್ಣಿನ ಫಲಕಗಳಲ್ಲಿ ಸಿಕ್ಕಿವೆ. ಸುಮಾರು 3,800 ವರ್ಷಗಳಷ್ಟು ಹಳೆಯವು. ಅದರಲ್ಲಿ ನಾಯಿಯ ಕುರಿತೇ ಒಂದು ನಿಯಮವಿದೆ. ನಾಯಿ ಕಚ್ಚುವಂಥದ್ದೆಂದು ಕೇರಿಯ ಅಧಿಕಾರಿಗಳು ಒಡೆಯನಿಗೆ ತಿಳಿಸಿದ್ದರೆ, ಆದರೂ ಅವನು ಕಾಯದೆ ಬಿಟ್ಟು ಅದು ಕಚ್ಚಿ ಮನುಷ್ಯ ಸತ್ತರೆ, ಒಡೆಯ 40 ಶೆಕೆಲ್ ಬೆಳ್ಳಿ ತೆರಬೇಕು. ಸತ್ತವನು ಗುಲಾಮನಾದರೆ 15 ಶೆಕೆಲ್. ಗುಲಾಮನ ಜೀವಕ್ಕೆ ಕಡಿಮೆ ಬೆಲೆ ಕಟ್ಟಿದ ಕ್ರೂರ ಕಾಲ ಅದು. ಆ ಕಾಲಕ್ಕೂ ಇಷ್ಟು ನ್ಯಾಯ ಗೊತ್ತಿತ್ತು.

ಯಹೂದಿಯರೂ ಕ್ರೈಸ್ತರೂ ಗೌರವಿಸುವ ವಿಮೋಚನಕಾಂಡದಲ್ಲಿ ಹಾಯುವ ಎತ್ತಿನ ಕುರಿತು ಇದೇ ತರ್ಕವಿದೆ. ಎತ್ತು ಮೊದಲ ಬಾರಿ ಹಾಯ್ದರೆ ಒಡೆಯ ನಿರಪರಾಧಿ. ಹಾಯುವ ಚಾಳಿಯದ್ದೆಂದು ಎಚ್ಚರಿಸಿದ ಮೇಲೂ ಕಟ್ಟದೆ ಬಿಟ್ಟು ಅದು ಒಬ್ಬನನ್ನು ಕೊಂದರೆ ಒಡೆಯನೂ ತಪ್ಪಿತಸ್ಥ. ಉಸ್ಮಾನಿಯಾ ಸಾಮ್ರಾಜ್ಯವು 1869ರಿಂದ 1876ರ ತನಕ ಇಸ್ಲಾಮೀ ಫಿಕ್‌ಹ್‌ನ ಆಧಾರದಲ್ಲಿ ಸಿದ್ಧಪಡಿಸಿದ ‘ಮಜಲ್ಲ’ ಎಂಬ ಸಿವಿಲ್ ಸಂಹಿತೆಯ 929ನೇ ವಿಧಿಯೂ ಇದನ್ನೇ ಹೇಳುತ್ತದೆ. ಪ್ರಾಣಿ ತಾನಾಗಿ ಮಾಡಿದ ಹಾನಿಗೆ ಒಡೆಯ ಹೊಣೆಯಲ್ಲ. ಆದರೆ ಹಾಯುವ ಗೂಳಿಯನ್ನೋ ಕಚ್ಚುವ ನಾಯಿಯನ್ನೋ ಕಟ್ಟಿ ಹಾಕೆಂದು ಊರಿನ ಅಥವಾ ಕೇರಿಯ ಒಬ್ಬರು ಹೇಳಿದ ಮೇಲೂ ಬಿಟ್ಟರೆ ನಷ್ಟ ಅವನೇ ತುಂಬಬೇಕು. ಇಂಗ್ಲಿಷ್ ಸಾಮಾನ್ಯ ಕಾನೂನಿನಲ್ಲೂ ನ್ಯಾಯಾಧೀಶರು ಕೇಳುತ್ತಿದ್ದ ಮೊದಲ ಪ್ರಶ್ನೆ ಇದೇ: ಈ ಪ್ರಾಣಿಯ ಸ್ವಭಾವ ಒಡೆಯನಿಗೆ ಗೊತ್ತಿತ್ತೇ?

ಬೇರೆ ಬೇರೆ ದೇಶ, ಬೇರೆ ಬೇರೆ ಧರ್ಮ, ಬೇರೆ ಬೇರೆ ಕಾಲ. ಮಾತು ಮಾತ್ರ ಒಂದೇ. ಗೊತ್ತಿಲ್ಲದಿದ್ದಾಗ ಅದು ನಾಯಿಯ ತಪ್ಪು. ಗೊತ್ತಾದ ಮೇಲೆ ಅದು ನಿಮ್ಮ ತಪ್ಪು.

ಈಗ ಆ ಫಲಕಕ್ಕೆ ಮರಳೋಣ. ‘ನಾಯಿ ಇದೆ, ಎಚ್ಚರಿಕೆ’ ಎಂದು ಬರೆಸಿ ತೂಗುಹಾಕಿದವರು ತಮ್ಮ ಹೊಣೆ ಮುಗಿಯಿತೆಂದು ತಿಳಿದಿದ್ದಾರೆ. ನಿಜವಾಗಿ ಅದು ಅವರ ತಪ್ಪೊಪ್ಪಿಗೆಯ ಪತ್ರ! ನಾಯಿ ಅಪಾಯಕಾರಿ ಎಂದು ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಗೇಟನ್ನು ಅರ್ಧ ತೆರೆದಿಟ್ಟರು. ಗೇಟಿನ ಒಳಗೆ ಬರುವವನಿಗೆ ಆ ಫಲಕ ಎಚ್ಚರಿಕೆ ಆದೀತು. ಆದರೆ ಗೇಟಿನ ಹೊರಗಿನ ರಸ್ತೆ ಎಲ್ಲರದು. ಅಲ್ಲಿ ಎಚ್ಚರ ವಹಿಸಬೇಕಾದವಳು ಹತ್ತು ವರ್ಷದ ಹುಡುಗಿಯಲ್ಲ.

ಕಚ್ಚಿದ ಮೇಲೆ ಬನ್ನಿ!

ನಮ್ಮ ದೇಶದ ಕಾನೂನು ಏನು ಹೇಳುತ್ತದೆ? ಹಳೆಯ ಭಾರತೀಯ ದಂಡ ಸಂಹಿತೆಯ 289ನೇ ಕಲಂ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 291ನೇ ಕಲಂ ಆಗಿದೆ. ತನ್ನ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯನ ಜೀವಕ್ಕೆ ಅಪಾಯ ಅಥವಾ ತೀವ್ರ ಗಾಯ ಸಂಭವಿಸದಂತೆ ಸಾಕಷ್ಟು ಎಚ್ಚರ ವಹಿಸದವನು, ಗೊತ್ತಿದ್ದು ಬಿಟ್ಟರೂ ಸರಿ, ಅಲಕ್ಷ್ಯದಿಂದ ಬಿಟ್ಟರೂ ಸರಿ, ಅಪರಾಧಿ. ಆರು ತಿಂಗಳ ತನಕ ಸೆರೆ, ಐದು ಸಾವಿರ ರೂಪಾಯಿ ತನಕ ದಂಡ, ಅಥವಾ ಎರಡೂ. ನ್ಯಾಯಾಲಯದ ಅಪ್ಪಣೆಗೆ ಕಾಯದೆ ಪೊಲೀಸರೇ ಮೊಕದ್ದಮೆ ದಾಖಲಿಸಬಹುದಾದ ಅಪರಾಧವಿದು.

ಇಲ್ಲಿ ಒಂದು ಸೂಕ್ಷ್ಮವಿದೆ. ನಾಯಿ ಕಚ್ಚಿರಬೇಕೆಂದು ಈ ಕಲಂ ಎಲ್ಲಿಯೂ ಹೇಳುವುದಿಲ್ಲ. ಅಂಥ ಅಪಾಯದ ಸಂಭವ ಇದ್ದರೆ ಸಾಕು. ಹೀಗಿದ್ದೂ ದೂರು ಕೊಡಲು ಹೋದವರಿಗೆ ಎಷ್ಟೋ ಕಡೆ ಸಿಗುವ ಉತ್ತರವೇನು? ‘ಕಚ್ಚಿದೆಯಾ? ಇಲ್ಲವಲ್ಲ! ಕಚ್ಚಿದ ಮೇಲೆ ಬನ್ನಿ.’ ಕಚ್ಚಿದ ಮೇಲೆ ಹೋದರೆ, ‘ಅಕ್ಕಪಕ್ಕದವರು, ಮಾತಾಡಿ ಮುಗಿಸಿಕೊಳ್ಳಿ.’ ಮಾತಾಡಲು ಹೋದರೆ, ‘ಗಲಾಟೆ ಮಾಡಲು ಬಂದರು’ ಎಂಬ ಪ್ರತಿದೂರು. ಬಡವನ ದೂರಿಗೆ ಈ ಮೂರು ಮೆಟ್ಟಿಲುಗಳಲ್ಲಿ ಯಾವುದಾದರೊಂದರಲ್ಲಿ ಜಾರಿ ಬೀಳುವುದೇ ಗತಿ.

ದಂಡದ ಮೊತ್ತವನ್ನೂ ಒಮ್ಮೆ ನೋಡಬೇಕು. 1860ರಲ್ಲಿ ಬರೆದ ಸಂಹಿತೆಯಲ್ಲಿ ಅದು ಸಾವಿರ ರೂಪಾಯಿ ಇತ್ತು. ಆ ಕಾಲಕ್ಕೆ ಅದು ಭಾರೀ ಹಣ. ರೂಪಾಯಿಯ ಬೆಲೆ ಪಾತಾಳಕ್ಕಿಳಿದರೂ 164 ವರ್ಷ ಆ ಸಾವಿರ ಸಾವಿರವಾಗಿಯೇ ಉಳಿಯಿತು. ಈಗ ಐದು ಸಾವಿರವಾಗಿದೆ. ಹೆಸರಾದ ತಳಿಯ ಒಂದು ಮರಿಗೆ ಇದಕ್ಕಿಂತ ಹೆಚ್ಚು ಬೆಲೆಯಿದೆ. ಮರಿ ಕೊಳ್ಳಲು ಕಿಸೆಗೆ ಕೈಹಾಕಿದವನಿಗೆ ಈ ದಂಡ ಹೆದರಿಕೆ ಹುಟ್ಟಿಸೀತೇ?

ಕಚ್ಚಿಸಿಕೊಂಡವರ ಲೆಕ್ಕ ಬೇರೆಯೇ ಇದೆ. ಗಾಯವನ್ನು ಸಾಬೂನು ಮತ್ತು ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಬೇಕು. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಚರ್ಮದೊಳಗೆ ಚುಚ್ಚುವ ಕ್ರಮದಲ್ಲಾದರೆ ಮೊದಲ ದಿನ, ಮೂರನೆಯ ದಿನ, ಏಳನೆಯ ದಿನ, ಇಪ್ಪತ್ತೆಂಟನೆಯ ದಿನ ಲಸಿಕೆ. ರಕ್ತ ಬರುವ ಗಾಯವಾದರೆ ಅದರ ಜೊತೆಗೆ ಇಮ್ಯುನೋಗ್ಲಾಬ್ಯುಲಿನ್. ರೇಬೀಸ್‌ನ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಬದುಕುವ ಆಸೆ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ‘ನಮ್ಮ ನಾಯಿಗೆ ಇಂಜೆಕ್ಷನ್ ಆಗಿದೆ’ ಎಂಬ ಮಾತನ್ನು ನಂಬಿ ಯಾರೂ ಮನೆಯಲ್ಲಿ ಕೂರಬಾರದು. ನಾಯಿಯ ಲಸಿಕೆಯ ಕಾರ್ಡನ್ನು ನೋಡಿ ತೀರ್ಮಾನಿಸಬೇಕಾದವರು ವೈದ್ಯರು, ಯಜಮಾನರಲ್ಲ. ನಮ್ಮ ಓಣಿಯ ಹುಡುಗಿಯ ತಾಯಿ ಬೀಡಿ ಕಟ್ಟುವವರು. ನಾಲ್ಕು ಸಲ ಆಸ್ಪತ್ರೆಗೆ ಹೋಗುವುದೆಂದರೆ ನಾಲ್ಕು ದಿನದ ಬೀಡಿ ಇಲ್ಲ. ಆ ನಾಲ್ಕು ದಿನದ ಲೆಕ್ಕವನ್ನು ಯಾವ ಯಜಮಾನರೂ ಕೇಳಲಿಲ್ಲ.

ದೊಣ್ಣೆ ಎತ್ತುವ ಹಕ್ಕು, ಎಸೆಯುವ ಕರ್ತವ್ಯ

ಹಾಗಾದರೆ ಮಾಮ ದೊಣ್ಣೆ ಎತ್ತಿದ್ದು ಸರಿಯೇ? ಇಲ್ಲಿ ನಾವು ನಮ್ಮವರಿಗೂ ಕಟುವಾಗಿಯೇ ಹೇಳಬೇಕಾಗಿದೆ.

ನಾಯಿ ಮೈಮೇಲೆರಗಿದ ಆ ಕ್ಷಣದಲ್ಲಿ ಯಾರೇ ಆಗಲಿ ದೊಣ್ಣೆ, ಕೊಡೆ, ಚಪ್ಪಲಿ, ಕಲ್ಲು ಕೈಗೆ ಸಿಕ್ಕಿದ್ದರಲ್ಲಿ ಹೊಡೆದು ತಮ್ಮನ್ನೂ ಮಗುವನ್ನೂ ಉಳಿಸಿಕೊಳ್ಳಬಹುದು. ಕಾನೂನು ಅದನ್ನು ಅಪರಾಧವೆನ್ನುವುದಿಲ್ಲ. ಆತ್ಮರಕ್ಷಣೆಯ ಹಕ್ಕಿನ ಕಲಂಗಳು ನ್ಯಾಯ ಸಂಹಿತೆಯಲ್ಲಿ 34ರಿಂದ 44ರ ತನಕ ಇವೆ. ಅವು ಮುಖ್ಯವಾಗಿ ಮನುಷ್ಯ ಎಸಗುವ ಅಪರಾಧದ ವಿರುದ್ಧ ಇರುವ ರಕ್ಷಣೆ. ನಾಯಿ ಅಪರಾಧಿಯಾಗಲಾರದು. ಆದ್ದರಿಂದ ಇಲ್ಲಿ ನೆರವಿಗೆ ಬರುವುದು 19ನೇ ಕಲಂ. ದೊಡ್ಡ ಹಾನಿಯನ್ನು ತಪ್ಪಿಸಲು, ಕೆಟ್ಟ ಉದ್ದೇಶವಿಲ್ಲದೆ, ಸದ್ಭಾವನೆಯಿಂದ ಮಾಡಿದ ಕೃತ್ಯದಿಂದ ಇನ್ನೊಂದು ಹಾನಿಯಾದರೂ ಅದು ಅಪರಾಧವಲ್ಲ ಎನ್ನುತ್ತದೆ ಅದು. ಊರಿಗೆ ಬೆಂಕಿ ಹಬ್ಬದಂತೆ ತಡೆಯಲು ನಡುವಿನ ಮನೆಗಳನ್ನು ಕೆಡವಿದವನ ಉದಾಹರಣೆಯನ್ನು ಕಾನೂನೇ ಕೊಡುತ್ತದೆ.

ಇನ್ನು ಒಡೆಯನೇ ‘ಛೂ’ ಎಂದು ನಾಯಿಯನ್ನು ಬಿಟ್ಟರೆ? ಆಗ ನಾಯಿ ಬರೀ ಆಯುಧ, ಅಪರಾಧಿ ಮನುಷ್ಯ. ಒಬ್ಬನ ಮೇಲೆ ನಾಯಿಯನ್ನು ಛೂಬಿಡುವುದು ಅಪರಾಧಿಕ ಬಲಪ್ರಯೋಗ ಎಂಬುದಕ್ಕೆ ದಂಡ ಸಂಹಿತೆ 1860ರಲ್ಲೇ ಉದಾಹರಣೆ ಕೊಟ್ಟಿತ್ತು. ಪ್ರಾಣಿಯ ಮೂಲಕ ಬೇಕೆಂದೇ ಗಾಯಗೊಳಿಸುವುದಕ್ಕೆ 118ನೇ ಕಲಂನಲ್ಲಿ ಮೂರು ವರ್ಷದ ತನಕ ಸೆರೆಯಿದೆ. ಅಂಥಲ್ಲಿ ಆತ್ಮರಕ್ಷಣೆಯ ಹಕ್ಕು ಪೂರ್ಣವಾಗಿ ಜೀವ ತಳೆಯುತ್ತದೆ.

ಆದರೆ ಈ ಎಲ್ಲ ಹಕ್ಕಿಗೂ ಒಂದು ಗಡಿಯಿದೆ. ಅಪಾಯ ಇರುವಷ್ಟು ಹೊತ್ತು, ಅಪಾಯ ತಪ್ಪಿಸಲು ಬೇಕಾದಷ್ಟು. ನಾಯಿ ಬೆನ್ನು ತಿರುಗಿಸಿದ ಮೇಲೆ ಬೀಳುವ ಏಟು ರಕ್ಷಣೆಯಲ್ಲ, ಸೇಡು. ಬೆಳಿಗ್ಗೆ ಆರೂವರೆಗೆ ಎತ್ತಿದ ದೊಣ್ಣೆ ಹಕ್ಕು. ಸಂಜೆ ಆರೂವರೆಗೆ ಎತ್ತಿದ ಅದೇ ದೊಣ್ಣೆ ಅಪರಾಧಕ್ಕೆ ಇಟ್ಟ ಮೊದಲ ಹೆಜ್ಜೆ. ಅಷ್ಟಕ್ಕೂ, ಸಂಜೆಯ ಹೊತ್ತಿಗೆ ಠಾಣೆಯ ಬಾಗಿಲು ತೆರೆದಿತ್ತಲ್ಲ!

ಸೇಡಿನ ಇನ್ನೂ ಹೀನವಾದ ರೂಪವೊಂದಿದೆ. ರಾತ್ರಿ ಹೊತ್ತು ಮಾಂಸದ ತುಂಡಿಗೆ ವಿಷ ಬೆರೆಸಿ ಕಾಂಪೌಂಡಿನೊಳಗೆ ಎಸೆಯುವುದು. ಪ್ರಾಣಿಯನ್ನು ಕೊಲ್ಲುವುದು, ಅಂಗಹೀನ ಮಾಡುವುದು ನ್ಯಾಯ ಸಂಹಿತೆಯ 325ನೇ ಕಲಂ ಪ್ರಕಾರ ಐದು ವರ್ಷದ ತನಕ ಸೆರೆಯಾಗಬಹುದಾದ ಅಪರಾಧ. ‘ಮಗುವನ್ನು ಕಚ್ಚಲು ಬಿಟ್ಟವನಿಗೆ ಆರು ತಿಂಗಳು, ನಾಯಿಗೆ ವಿಷ ಹಾಕಿದವನಿಗೆ ಐದು ವರ್ಷ, ಇದ್ಯಾವ ನ್ಯಾಯ?’ ಎಂದು ಕೇಳುವವರಿದ್ದಾರೆ. ಒಂದು ಅಲಕ್ಷ್ಯ, ಇನ್ನೊಂದು ಬೇಕೆಂದೇ ಮಾಡಿದ್ದು. ವ್ಯತ್ಯಾಸ ಅಲ್ಲಿದೆ. ಅಲಕ್ಷ್ಯದಿಂದ ತೀವ್ರ ಗಾಯವಾದರೆ 125ನೇ ಕಲಂನಲ್ಲಿ ಮೂರು ವರ್ಷ, ಸಾವು ಸಂಭವಿಸಿದರೆ 106ನೇ ಕಲಂನಲ್ಲಿ ಐದು ವರ್ಷದ ತನಕ ಸೆರೆಯಿದೆ ಎಂಬುದನ್ನೂ ಮರೆಯಬಾರದು. ಕಲಂಗಳು ಇವೆ. ಅವುಗಳನ್ನು ಬರೆಯುವ ಪೊಲೀಸ್ ಪೆನ್ನು ಬೇಕಾಗಿದೆ.

ವಿಷಕ್ಕೆ ಇನ್ನೊಂದು ವಿವೇಕದ ಉತ್ತರವೂ ಇದೆ. ಕಚ್ಚಿದ ಸಾಕುನಾಯಿಯ ಮೇಲೆ ಹತ್ತು ದಿನ ಕಣ್ಣಿಡಬೇಕೆನ್ನುತ್ತಾರೆ ವೈದ್ಯರು. ಹತ್ತು ದಿನ ಅದು ಆರೋಗ್ಯವಾಗಿ ಬದುಕಿ ಉಳಿದರೆ ಕಚ್ಚಿದ ವೇಳೆ ಅದರ ಜೊಲ್ಲಿನಲ್ಲಿ ರೇಬೀಸ್ ಇರಲಿಲ್ಲವೆಂದು ಅರ್ಥ. ಸಿಟ್ಟಿನಲ್ಲಿ ನಾಯಿಯನ್ನು ಕೊಂದವನು ತನ್ನ ಮಗುವಿನ ಸಮಾಧಾನಕ್ಕಿದ್ದ ಸಾಕ್ಷಿಯನ್ನೇ ಕೊಂದಂತೆ.

ನಮ್ಮವರಲ್ಲಿ ಕೆಲವರು ನಾಯಿಯ ಜೊಲ್ಲು ಅಶುದ್ಧ ಎಂಬ ಕರ್ಮಶಾಸ್ತ್ರದ ಮಾತನ್ನು ನಾಯಿಗೆ ಕಲ್ಲೆಸೆಯುವ ಪರವಾನಗಿಯೆಂದು ತಿಳಿದಂತಿದೆ. ಬಾಯಾರಿ ಒದ್ದೆ ಮಣ್ಣು ನೆಕ್ಕುತ್ತಿದ್ದ ನಾಯಿಗೆ ಬಾವಿಗಿಳಿದು ತನ್ನ ಚರ್ಮದ ಬೂಟಿನಲ್ಲಿ ನೀರು ತಂದು ಕುಡಿಸಿದ ಮನುಷ್ಯನಿಗೆ ಅಲ್ಲಾಹನ ಕ್ಷಮೆ ದೊರೆಯಿತೆಂದು ಕಲಿಸಿದವರು ಪ್ರವಾದಿ(ಸ). ಇಹ್ರಾಮ್‌ನ ಸ್ಥಿತಿಯಲ್ಲೂ ಕಚ್ಚುವ ನಾಯಿಯನ್ನು ಕೊಲ್ಲಬಹುದೆಂದು ತಿಳಿಸಿದವರೂ ಅವರೇ. ಇವೆರಡರಲ್ಲಿ ವಿರೋಧವಿಲ್ಲ. ನಾಯಿ ಬೇರೆ, ಮನುಷ್ಯನ ಮೇಲೆರಗುವ ನಾಯಿ ಬೇರೆ. ಮೊದಲನೆಯದಕ್ಕೆ ಕರುಣೆ, ಎರಡನೆಯದರಿಂದ ರಕ್ಷಣೆ. ಇಂದು ಆ ರಕ್ಷಣೆಯ ವ್ಯವಸ್ಥೆ ಕಾನೂನಿನ ಕೈಯಲ್ಲಿದೆ, ಮಾಮನ ದೊಣ್ಣೆಯಲ್ಲಿಲ್ಲ. ಯಾರ ಉಪಟಳದಿಂದ ನೆರೆಯವನು ಸುರಕ್ಷಿತನಲ್ಲವೋ ಅವನ ವಿಶ್ವಾಸ ಪೂರ್ಣವಲ್ಲ ಎಂಬ ಪ್ರವಾದಿ ಬೋಧನೆಯಂತೂ ನಾಯಿ ಸಾಕಿದವನಿಗೂ ಅನ್ವಯ, ವಿಷ ಎಸೆಯುವವನಿಗೂ ಅನ್ವಯ.

ಸಿಟ್ಟನ್ನು ಕಾಗದಕ್ಕಿಳಿಸಿ

ಹಾಗಾದರೆ ಮಾಡಬೇಕಾದದ್ದೇನು? ಮೊದಲು ಹೋಗಿ ಮಾತಾಡಿ. ಒಬ್ಬರೇ ಬೇಡ, ಓಣಿಯ ಎರಡು ಮೂರು ಮನೆಯವರು, ಸಾಧ್ಯವಾದರೆ ಬೇರೆ ಬೇರೆ ಧರ್ಮದವರು ಜೊತೆಯಾಗಿ ಹೋಗಿ. ನಮ್ಮ ಓಣಿಯಲ್ಲಿ ಹಾಲಿನ ಹುಡುಗನ ಮನೆಯವರೂ ಮದ್ರಸದ ಹುಡುಗಿಯ ಮನೆಯವರೂ ಮೊದಲೇ ಜೊತೆಯಾಗಿ ಹೋಗಿದ್ದರೆ ಅಂಗಡಿ ಜಗಲಿಯ ಆ ಮಾತು ಹುಟ್ಟುತ್ತಲೇ ಇರಲಿಲ್ಲ. ಮಾತಿಗೆ ಬಗ್ಗದಿದ್ದರೆ ಒಂದು ಪತ್ರ ಬರೆಯಿರಿ. ಯಾವ ದಿನ, ಎಷ್ಟು ಹೊತ್ತಿಗೆ, ಯಾರ ಮೇಲೆ ನಾಯಿ ಎರಗಿತೆಂದು ನಮೂದಿಸಿ, ಪ್ರತಿ ಇಟ್ಟುಕೊಂಡು, ನೋಂದಾಯಿತ ಅಂಚೆಯಲ್ಲಿ ಕಳಿಸಿ. ಎಶ್ನುನ್ನಾದ ಕಾಲದಿಂದ ಕಾನೂನು ಕೇಳುತ್ತಾ ಬಂದಿರುವ ‘ಒಡೆಯನಿಗೆ ಗೊತ್ತಿತ್ತೇ?’ ಎಂಬ ಪ್ರಶ್ನೆಗೆ ಆ ಪತ್ರವೇ ಉತ್ತರ. ಇನ್ನು ಮುಂದೆ ಅವರು ‘ಗೊತ್ತಿರಲಿಲ್ಲ’ ಎನ್ನಲಾರರು.

ಪತ್ರದ ಪ್ರತಿಯೊಂದನ್ನು ಪಂಚಾಯತ್‌ಗೋ ನಗರ ಪಾಲಿಕೆಗೋ ಕೊಡಿ. ಕಚ್ಚಿದರೆ ಆಸ್ಪತ್ರೆಯ ಚೀಟಿ, ಗಾಯದ ಫೋಟೋ, ಖರ್ಚಿನ ರಸೀದಿಗಳೊಂದಿಗೆ 291ನೇ ಕಲಂ ನಮೂದಿಸಿಯೇ ಠಾಣೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಪರಿಹಾರಕ್ಕಾಗಿ ಸಿವಿಲ್ ನ್ಯಾಯಾಲಯದ ದಾರಿಯೂ ತೆರೆದಿದೆ. ಹೆಚ್ಚಿನವರಿಗೆ ತಿಳಿಯದ ಇನ್ನೊಂದು ಬಾಗಿಲಿದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ, ಹಿಂದಿನ ಸಿಆರ್‌ಪಿಸಿಯ 133. ಅದರ ಪ್ರಕಾರ ಉಪವಿಭಾಗದ ದಂಡಾಧಿಕಾರಿಯು ಅಪಾಯಕಾರಿ ಪ್ರಾಣಿಯನ್ನು ಬಂಧನದಲ್ಲಿಡುವಂತೆ ಅಥವಾ ಬೇರೆ ವ್ಯವಸ್ಥೆ ಮಾಡುವಂತೆ, ತೀರಾ ಅಗತ್ಯವಾದರೆ ಕೊಲ್ಲುವಂತೆಯೂ, ಅದರ ಒಡೆಯನಿಗೆ ಆದೇಶಿಸಬಹುದು. ಪೊಲೀಸರ ವರದಿಯೇ ಬೇಕೆಂದಿಲ್ಲ, ನಿಮ್ಮ ಅರ್ಜಿಯ ಮಾಹಿತಿಯ ಮೇಲೂ ಅವರು ಕ್ರಮಕ್ಕೆ ಮುಂದಾಗಬಹುದು.

ನಾಯಿ ಸಾಕುವವರಿಗೂ ಒಂದು ಮಾತು. ನಿಮ್ಮ ನಾಯಿಯ ಮೇಲೆ ನಮಗೆ ದ್ವೇಷವಿಲ್ಲ. ಗೇಟಿಗೊಂದು ತಾನೇ ಮುಚ್ಚಿಕೊಳ್ಳುವ ಸ್ಪ್ರಿಂಗು, ಹೊರಗೆ ಕರೆದೊಯ್ಯುವಾಗ ಹಗ್ಗ ಮತ್ತು ಬಾಯಿಕುಕ್ಕೆ, ವರ್ಷಕ್ಕೊಮ್ಮೆ ರೇಬೀಸ್ ಲಸಿಕೆ. ಇಷ್ಟಕ್ಕೆ ತಗಲುವ ಖರ್ಚು ನಾಯಿಯ ಒಂದು ತಿಂಗಳ ಊಟಕ್ಕಿಂತ ಹೆಚ್ಚಾಗದು. ಕಟ್ಟಿ ಹಾಕಿ ಎಂದರೆ ಹಗಲಿರುಳು ಗಿಡ್ಡ ಸರಪಳಿಯಲ್ಲಿ ಬಿಗಿದಿಡಿ ಎಂದಲ್ಲ. ನಾಯಿಯನ್ನು ಅತಿ ಗಿಡ್ಡ ಸರಪಳಿಯಲ್ಲಿ ಬಹಳ ಹೊತ್ತು ಕಟ್ಟಿಡುವುದು, ಸದಾ ಕಟ್ಟಿಟ್ಟ ನಾಯಿಗೆ ಓಡಾಡಲು ಬಿಡದಿರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಂ ಪ್ರಕಾರ ಹಿಂಸೆಯೇ. ಹಾಗೆ ಕಟ್ಟಿಟ್ಟ ನಾಯಿಯ ಸಿಟ್ಟು ಸಿಕ್ಕವರ ಮೇಲೆ ತಿರುಗುತ್ತದೆ. ನಾಯಿಯನ್ನು ನಡೆದಾಡಿಸಲು ಪುರುಸೊತ್ತಿಲ್ಲದವರು ನಾಯಿ ಸಾಕುವ ಅಗತ್ಯವೇನಿದೆ? ಕಳ್ಳರ ಭಯಕ್ಕೆ ಬೀಗ ಸಾಲದೇ?

ನಮ್ಮ ಓಣಿಯ ಹುಡುಗಿಯ ಕಾಲಿನ ಗಾಯ ಮಾಗಿದೆ. ಆದರೆ ಈಗ ಅವಳು ಆ ದಾರಿಯಲ್ಲಿ ಹೋಗುವುದಿಲ್ಲ. ಗದ್ದೆಯ ಬದಿಯ ಸುತ್ತು ದಾರಿಯಲ್ಲಿ, ಮೊದಲಿಗಿಂತ ಹತ್ತು ನಿಮಿಷ ಬೇಗ ಹೊರಟು ಹೋಗುತ್ತಾಳೆ. ಅವಳ ತಾಯಿ ಒಂದಿಷ್ಟು ದೂರ ಜೊತೆಗೆ ಹೋಗಿ ಮರಳುತ್ತಾರೆ. ಆ ಮನೆಯ ಗೇಟು ಈಗಲೂ ಕೆಲವೊಮ್ಮೆ ಅರ್ಧ ತೆರೆದೇ ಇರುತ್ತದೆ. ನಾಯಿ ಸ್ವತಂತ್ರವಾಗಿದೆ, ಮಗು ದಾರಿ ಬದಲಿಸಿದೆ. ಎಲ್ಲರೂ ಇದನ್ನು ‘ಸಮಸ್ಯೆ ಬಗೆಹರಿಯಿತು’ ಎನ್ನುತ್ತಿದ್ದಾರೆ!

ಇದು ಬಗೆಹರಿದದ್ದಲ್ಲ. ರಸ್ತೆಯಲ್ಲಿ ನಡೆಯುವ ಹಕ್ಕನ್ನು ಒಂದು ಮಗು ಒಂದು ನಾಯಿಗೆ ಬಿಟ್ಟುಕೊಟ್ಟದ್ದು. ಆ ಹಕ್ಕನ್ನು ದೊಣ್ಣೆಯಿಂದ ಮರಳಿ ಪಡೆಯಬೇಕಾಗಿಲ್ಲ, ವಿಷದಿಂದ ಪಡೆಯಲೂಬಾರದು. ಒಂದು ಪತ್ರ, ಅದಕ್ಕೆ ಓಣಿಯ ಎಲ್ಲ ಮನೆಯವರ ಸಹಿ, ಅದನ್ನು ಓದಿ ಕೆಲಸ ಮಾಡುವ ಒಬ್ಬ ಅಧಿಕಾರಿ. ಇಷ್ಟು ಸಾಕು. ಮೊದಲನೆಯ ಎರಡು ನಮ್ಮ ಕೈಯಲ್ಲಿವೆ. ಪತ್ರವನ್ನು ನಾವು ಬರೆದಾಗಿದೆ. ಮೊದಲ ಸಹಿ ಹಾಲಿನ ಹುಡುಗನದು.